ಮಕ್ಕಳ ಸರದಿ

ಬಟ್ಟಂಬಾಂಗ್, ಕಾಂಬೋಡಿಯಾ
3 ಆಗಸ್ಟ್ 2014

ಪ್ರೀತಿಯ ಅಕ್ಕ,

ಎರಡು ವರ್ಷದಿಂದ ನನ್ನಿಂದ ಒಂದು ಸಾಲೂ ಇಲ್ಲವೆಂದು ನೀನು ಬೈದುಕೊಂಡಿರುತ್ತೀಯ. ಬೈದದ್ದು ಸರಿಯೇ. ನಾನು ಇಲ್ಲಿ ಜೈಲಿನಲ್ಲಿದ್ದೇನೆ. ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಲೇ ಇಷ್ಟು ದಿನ ತಳ್ಳಿದೆ. ಈಗ ಹೇಳಲೇಬೇಕಾಗಿದೆ.

ನಾನು ಮರಗೆಲಸ ಮಾಡಿಕೊಡುತ್ತಿದ್ದ ಅನಾಥ ಮಕ್ಕಳ ಹಾಸ್ಟೆಲ್ ನಿನಗೆ ನೆನಪಿರಬೇಕು. ಅಲ್ಲಿಯ ಮಂಚ, ಮೇಜು, ಕಿಟಕಿ ಎಲ್ಲ ನನ್ನ ಕೈಯದೇ. ಆ ಹಾಸ್ಟೆಲಿನ ಇಬ್ಬರು ಹುಡುಗಿಯರ ವಿಷಯದಲ್ಲಿ ನನ್ನ ಮೇಲೆ ಮೊಕದ್ದಮೆ ನಡೆಯಿತು. ಹೆಚ್ಚು ಬರೆಯಲಾರೆ, ಹೊರಗೆ ಹೋಗುವ ಕಾಗದಗಳನ್ನು ಇಲ್ಲಿ ಓದುತ್ತಾರೆ. ಮೂರು ವರ್ಷದ ಶಿಕ್ಷೆಯಾಗಿದೆ. ಬರುವ ಏಪ್ರಿಲಿನಲ್ಲಿ ಮುಗಿಯುತ್ತದೆ, ಮುಗಿದ ಕೂಡಲೇ ವಿಮಾನ ಹತ್ತಿಸಿ ದೇಶದಿಂದ ಆಚೆಗೆ ಕಳಿಸುತ್ತಾರೆ. ನನಗೆ ಹೋಗುವುದಕ್ಕೆ ಬೇರೆ ಜಾಗವಿಲ್ಲ. ನಮ್ಮ ಹಬೆಸ್ನಾನದ ಮನೆ, ಆ ಸೌನಾದ ಪಕ್ಕದ ಕೋಣೆ ಖಾಲಿ ಇದ್ದರೆ ಅಷ್ಟೇ ಸಾಕು.

ಇನ್ನೊಂದು ಮಾತು. ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಹೆಂಗಸು ನೋಡಲು ಬಂದಿದ್ದಳು. "ನೀವು ಮಿಚಿಗನ್‌ಗೆ ಹೋದ್ಮೇಲೆ ಪೊಲೀಸರ ಹತ್ರ ಹೆಸರು ಬರೆಸಬೇಕಾಗಬಹುದು. ಲೈಂಗಿಕ ಅಪರಾಧಿಗಳ ಪಟ್ಟಿ ಇರುತ್ತಲ್ಲ, ಅದ್ರಲ್ಲಿ" ಎಂದು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಗ್ರಂಥಾಲಯದ ಚೀಟಿ ಮಾಡಿಸುವ ಮಾತಾಡಿದ ಹಾಗಿತ್ತು. ನನ್ನ ಹೆಸರು, ಫೋಟೋ, ಜೊತೆಗೆ ವಿಳಾಸ. ಆ ವಿಳಾಸ ನಿನ್ನದಾಗಿರುತ್ತದೆ ಅಕ್ಕ. ಬೇರೆ ದೇಶದ ಕೋರ್ಟು ಕೊಟ್ಟ ತೀರ್ಪು ನಮ್ಮಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ಒಬ್ಬ ವಕೀಲರನ್ನು ಕೇಳಿ ತಿಳಿಸು.

ಇಲ್ಲಿ ಮಳೆಗಾಲ. ಬೆಳಿಗ್ಗೆ ಗಂಜಿ, ಸಂಜೆಗೂ ಗಂಜಿ, ನಡುವೆ ಒಣಮೀನು. ಆರೋಗ್ಯ ಪರವಾಗಿಲ್ಲ.

ನಿನ್ನ ತಮ್ಮ,
ಆರ್ವೋ


ಹಾಪಾ ಕ್ರೀಕ್, ಮಿಚಿಗನ್
31 ಆಗಸ್ಟ್ 2014

ಆರ್ವೋ,

ನಿನ್ನ ಕಾಗದ ಓದಿ ಮೊದಲು ನಿನ್ನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಅರವತ್ತನಾಲ್ಕು ವರ್ಷದ ಗಂಡಸು ಎರಡು ವರ್ಷ ಜೈಲಿನಲ್ಲಿ ಕೂತು ಒಡಹುಟ್ಟಿದವಳಿಗೆ ತಿಳಿಸುವುದಿಲ್ಲವೆಂದರೆ ಏನು ಹೇಳಲಿ? ನೀನು ಮಲೇರಿಯಾ ಬಂದು ಸತ್ತಿದ್ದೀಯೆಂದು ಹೋದ ಕ್ರಿಸ್‌ಮಸ್‌ಗೆ ಚರ್ಚಿನಲ್ಲಿ ಮೇಣದಬತ್ತಿ ಬೇರೆ ಹಚ್ಚಿ ಬಂದಿದ್ದೆ.

ಎರಡನೆಯ ಸಲ ಓದಿದಾಗ ಎಲ್ಲ ಅರ್ಥವಾಯಿತು. ಹಾಸ್ಟೆಲಿನ ಹಿಂದೆ ಒಂದು ಸೌನಾ ಕಟ್ಟಿದ್ದೇನೆಂದು 2011ರಲ್ಲಿ ನೀನೇ ಬರೆದಿದ್ದೆ. ಬಿಸಿಲಿಗೇ ಜನ ಬೇಯುವ ದೇಶದಲ್ಲಿ ಕಲ್ಲು ಕಾಯಿಸಿ, ನೀರು ಚೆಲ್ಲಿ, ಹಬೆಯಲ್ಲಿ ಕೂರುವ ಮಹಾಶಯ ನೀನೊಬ್ಬನೇ ಎಂದು ನಾವೆಲ್ಲ ನಕ್ಕಿದ್ದೆವು. ಆ ಮಕ್ಕಳನ್ನೂ ನಮ್ಮ ಊರಿನ ಹಾಗೆ ಶನಿವಾರ ಸ್ನಾನಕ್ಕೆ ಕೂರಿಸಿದೆ, ಅಲ್ಲವೇ? ದಡ್ಡ. ಅಜ್ಜಂದಿರು ಹಳೆಯ ದೇಶದಿಂದ ತಂದ ಪದ್ಧತಿ, ಬಟ್ಟೆಯಿಲ್ಲದೆ ಬೆಂಚಿನ ಮೇಲೆ ಕೂರುವುದು ನಮಗೆ ಊಟಕ್ಕೆ ಕೂತಷ್ಟೇ ಸಹಜ. ಮೊದಲು ಗಂಡಸರು, ಆಮೇಲೆ ಹೆಂಗಸರು, ಕಲ್ಲು ಸ್ವಲ್ಪ ಆರಿದ ಮೇಲೆ ಮಕ್ಕಳ ಸರದಿ. ಮಕ್ಕಳ ಸರದಿಗೆ ನೀನೇ ಯಜಮಾನ. ಅರ್ಧ ಊರಿನ ಮಕ್ಕಳ ಬೆನ್ನು ಉಜ್ಜಿದವನು ನೀನು. ಇದೆಲ್ಲ ಅಲ್ಲಿಯವರಿಗೆ ಹೇಗೆ ಗೊತ್ತಾಗಬೇಕು? ಯಾರೋ ನೋಡಿದರು, ಬೇರೇನೋ ತಿಳಿದರು, ನೀನು ಒಳಗೆ ಹೋದೆ.

ಜಿಲ್ಲಾ ಕೇಂದ್ರದಲ್ಲಿ ಡುಫೂರ್ ಎಂಬ ವಕೀಲೆ ಇದ್ದಾರೆ. ವಯಸ್ಸು ಚಿಕ್ಕದು, ಆದರೆ ಚುರುಕು ಎನ್ನುತ್ತಾರೆ. ಅವರನ್ನು ಕಾಣುತ್ತೇನೆ. ಕೋಣೆ ಖಾಲಿ ಇದೆ. ಸದ್ಯಕ್ಕೆ ಅಲ್ಲಿ ಬ್ರಿಟಾಳ ಹಿಮದಲ್ಲಿ ಜಾರುವ ಸ್ಲೆಡ್ಡು, ಸೈಕಲ್ಲು ಇಟ್ಟಿದ್ದೇನೆ, ತೆಗೆಸಿದರಾಯಿತು. ಮೊಮ್ಮಗಳು ವಾರದ ಕೊನೆಗೆಲ್ಲ ನನ್ನ ಜೊತೆಗೇ ಇರುತ್ತಾಳೆ. ಏಳು ವರ್ಷ ಆಯಿತು ಅವಳಿಗೆ, ಬಾಯಿ ನನ್ನದೇ.

ನಿನ್ನ ಕಾಗದ ತಂದವಳು ಟಕಾಲಾ ಮನೆಯ ಮಾರ್ಲಿಸ್. ಅವರ ಸೌನಾ ಸುಟ್ಟುಹೋದಾಗ ಎರಡು ಚಳಿಗಾಲ ನಮ್ಮಲ್ಲಿಗೇ ಸ್ನಾನಕ್ಕೆ ಬರುತ್ತಿದ್ದಳಲ್ಲ, ಅವಳೇ. ಈಗ ನಮ್ಮ ರಸ್ತೆಗೆಲ್ಲ ಅಂಚೆ ಹಂಚುತ್ತಾಳೆ. ದೂರದ ಕಾಗದವೇನಾದರೂ ಬಂದರೆ ಹಾರ್ನ್ ಹೊಡೆದು, ಒಳಗೆ ಬಂದು, ಕಾಫಿ ಕುಡಿದೇ ಹೋಗುವವಳು. ಈ ಸಲ ರಸ್ತೆಬದಿಯ ಅಂಚೆ ಪೆಟ್ಟಿಗೆಯಲ್ಲಿ ಹಾಕಿ ಸುಮ್ಮನೆ ಹೊರಟುಹೋಗಿದ್ದಳು. ಏನೋ ಅವಸರವಿದ್ದಿರಬೇಕು.

ಧೈರ್ಯವಾಗಿರು.

ಇರ್ಯಾ


ಬಟ್ಟಂಬಾಂಗ್
28 ಸೆಪ್ಟೆಂಬರ್ 2014

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಪಕ್ಕದಲ್ಲಿ ಮಲಗುವ ಮುದುಕ ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡರೆಂದು ತಿಳಿದು ತನ್ನ ಪಾಲಿನ ಬಾಳೆಹಣ್ಣು ತಂದು ಕೊಟ್ಟ.

ನಾನು ಏನು ಹೇಳಲಿ, ಎಲ್ಲವನ್ನೂ ನೀನೇ ಹೇಳಿದ್ದೀಯ. ಹೌದು, ಸೌನಾದ ವಿಷಯವೇ. ಶನಿವಾರದ ಸ್ನಾನ. ಇಲ್ಲಿಯ ಜನಕ್ಕೆ ನಮ್ಮ ಪದ್ಧತಿ ತಿಳಿಯಲಿಲ್ಲ. ಬಾಣಂತಿಯರನ್ನು ಸೊಪ್ಪಿನ ಹಬೆಯಲ್ಲಿ ಕೂರಿಸುವುದು ಇವರಲ್ಲೂ ಉಂಟು, ಹಾಗಿದ್ದೂ ಗಂಡಸೊಬ್ಬ ಮಕ್ಕಳ ಜೊತೆ ಹಬೆಯಲ್ಲಿ ಕೂತನೆಂದರೆ ಇವರಿಗೆ ಬೇರೆಯೇ ಕಾಣುತ್ತದೆ. ನೀನು ಬರೆದದ್ದನ್ನು ವಕೀಲರಿಗೆ ಹಾಗೆಯೇ ಹೇಳು. ನಾನು ಹೇಳುವುದಕ್ಕಿಂತ ನೀನು ಹೇಳಿದರೆ ಚೆನ್ನಾಗಿರುತ್ತದೆ.

ಕೋರ್ಟಿನಲ್ಲಿ ನನ್ನನ್ನು ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಅನುವಾದಕ್ಕೆ ಒಬ್ಬ ಶಾಲೆಯ ಮೇಷ್ಟರಿದ್ದರು, ಬಹಳ ಒಳ್ಳೆಯವರು, ನನಗೆ ಗೊತ್ತಾಗಲಿಲ್ಲವೆಂದರೆ ಅದೇ ಮಾತನ್ನು ಎರಡೆರಡು ಸಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಸರ್ಕಾರವೇ ಒಬ್ಬ ವಕೀಲನನ್ನೂ ಕೊಟ್ಟಿತ್ತು. ಆದರೂ ಹೀಗಾಯಿತು.

ಬ್ರಿಟಾಳಿಗೆ ಏಳು ವರ್ಷವೇ! ನಾನು ಹೊರಟಾಗ ತೊಟ್ಟಿಲಲ್ಲಿದ್ದಳು. ಅವಳಿಗೆ ಯಾವ ಆಟ ಇಷ್ಟ? ಫೋಟೋ ಇದ್ದರೆ ಒಂದು ಕಳಿಸು. ಬಂದ ಮೇಲೆ ಸೌನಾ ಕಾಯಿಸುವುದನ್ನು ನಾನೇ ಕಲಿಸುತ್ತೇನೆ. ಶನಿವಾರ ನೀನು ಅಡುಗೆ ನೋಡಿಕೋ, ಮಕ್ಕಳನ್ನು ನನಗೆ ಬಿಡು, ಹಿಂದೆ ಇದ್ದ ಹಾಗೆ.

ಆರ್ವೋ


ಹಾಪಾ ಕ್ರೀಕ್
26 ಅಕ್ಟೋಬರ್ 2014

ಆರ್ವೋ,

ಡುಫೂರ್ ವಕೀಲರನ್ನು ಕಂಡು ಬಂದೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಹೌದು, ಬರುತ್ತದೆ. ನಮ್ಮ ರಾಜ್ಯದ ಕಾನೂನಿನಲ್ಲಿ 'ಯಾವುದೇ ದೇಶ' ಎಂದೇ ಇದೆಯಂತೆ. ಆದರೆ ಹೊರದೇಶದಲ್ಲಿ ಶಿಕ್ಷೆಯಾಯಿತು ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಪಟ್ಟಿಗೆ ಸೇರಿಸುವುದಿಲ್ಲವಂತೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನೋಡಿ ಇರ್ಯಾ ಅವ್ರೇ, ಆ ದೇಶದಲ್ಲಿ ಆ ಅಪರಾಧಕ್ಕೆ ಏನು ಹೆಸರಿಟ್ಟಿದಾರೆ ಅನ್ನೋದು ದೊಡ್ಡ ವಿಷ್ಯ ಅಲ್ಲ. ನಿಮ್ಮ ತಮ್ಮ ಮಾಡಿದ್ದು ಏನು? ಅದನ್ನೇ ಅವರು ಇಲ್ಲಿ, ನಮ್ಮೂರಲ್ಲಿ ಮಾಡಿದ್ರೆ ಇಲ್ಲೂ ಅಪರಾಧ ಆಗ್ತಿತ್ತಾ? ಆಗ್ತಿತ್ತು ಅಂದ್ರೆ ಹೆಸರು ಬರೆಸ್ಬೇಕು. ಆಗ್ತಿರಲಿಲ್ಲ ಅಂದ್ರೆ ನಾವು ತಕರಾರು ಹಾಕಬಹುದು. ವಿಚಾರಣೆ ನ್ಯಾಯವಾಗಿ ನಡೀತಾ ಅನ್ನೋದನ್ನೂ ಎತ್ತಬಹುದು. ಭಾಷೆ ಅರ್ಥ ಆಗ್ದೆ, ವಕೀಲರೇ ಇಲ್ದೆ ಶಿಕ್ಷೆ ಆಗಿದ್ರೆ ಅದು ಬೇರೆ ಮಾತು."

"ಮಕ್ಕಳ ಜೊತೆ ಸ್ನಾನಕ್ಕೆ ಕೂತಿದ್ದು ಇಲ್ಲಿ ಅಪರಾಧವಾ?" ಎಂದು ಕೇಳಿದೆ.

"ಸ್ನಾನ ಮಾತ್ರ ಆಗಿದ್ರೆ ಅಲ್ಲ. ಈ ಜಿಲ್ಲೇಲಿ ಅದನ್ನ ಅಪರಾಧ ಅಂದ್ರೆ ಪೊಲೀಸ್ ಮುಖ್ಯಸ್ಥ ಷೆರಿಫನ್ನೇ ಮೊದ್ಲು ಒಳಗೆ ಹಾಕಬೇಕಾಗತ್ತೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಆದ್ರೆ ತೀರ್ಪು ನೋಡ್ದೆ ನಾನು ಏನೂ ಹೇಳಲ್ಲ. ಅದರ ಪ್ರತಿ, ಇಂಗ್ಲಿಷ್ ಅನುವಾದ, ಎರಡೂ ತರಿಸಿ" ಎಂದರು.

ಆದ್ದರಿಂದ ತೀರ್ಪಿನ ಪ್ರತಿ ಕಳಿಸು. ಜೊತೆಗೆ, ನಮ್ಮ ಪದ್ಧತಿ ಎಂಥದೆಂದು ಹೇಳುವುದಕ್ಕೆ ಊರಿನ ಸಾಕ್ಷಿಗಳಿದ್ದರೆ ಒಳ್ಳೆಯದಂತೆ. ಅದಕ್ಕೇನು ಬರವೇ? ಮೊದಲು ವೈನೋನ ಮನೆಗೆ ಹೋದೆ. ಎಂಬತ್ತೊಂದು ವರ್ಷ, ಕಿವಿ ಮಂದ, ನಾಲಿಗೆ ಮಾತ್ರ ಹಾಗೇ ಇದೆ.

"ಜಡ್ಜ್ ಮುಂದೆ ನಾನು ಏನು ಹೇಳ್ಬೇಕೇ ಇರ್ಯಾ? ನಿಮ್ಮಪ್ಪನ್ನ ಬರೀ ಮೈಯಲ್ಲಿ ನೋಡಿದೀನಿ ಅಂತಲಾ?"

"ಅದೇ ಕಣೋ. ಮಕ್ಕಳೂ ಮುದುಕರೂ ಎಲ್ಲ ಹಂಗೇ ಕೂರ್ತಿದ್ವಿ ಅಂತ."

"ಹೇಳ್ತೀನಿ ಬಿಡು. ನಿಮ್ಮಪ್ಪ ನೋಡೋಕೆ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತಾನೂ ಹೇಳ್ತೀನಿ, ಬೇಕಾದ್ರೆ ಬೈಬಲ್ ಮುಟ್ಟಿ."

ಹೀಗೆ ನಾಲ್ಕು ಮನೆಯವರು ಒಪ್ಪಿದ್ದಾರೆ. ಇವರೆಲ್ಲ ದೊಡ್ಡವರ ಸರದಿಯ ಜನ. ಮಕ್ಕಳ ಸರದಿಯಲ್ಲಿ ನಿನ್ನ ಜೊತೆ ಇದ್ದವರು ಒಬ್ಬರಾದರೂ ಹೇಳಿದರೆ ಮಾತಿಗೆ ತೂಕ ಬರುತ್ತದೆ ಎಂದರು ಡುಫೂರ್. ಆಗಿನ ಮಕ್ಕಳೆಲ್ಲ ಡಿಟ್ರಾಯಿಟ್, ಮಿಲ್ವಾಕಿ ಎಂದು ಚದುರಿಹೋಗಿದ್ದಾರೆ. ಊರಿನಲ್ಲಿ ಉಳಿದವಳು ಮಾರ್ಲಿಸ್ ಒಬ್ಬಳೇ. ಅವಳನ್ನು ಕೇಳುತ್ತೇನೆ. ಸರ್ಕಾರದ ನೌಕರಿಯವಳು, ಅವಳ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ.

ಬ್ರಿಟಾಳ ಫೋಟೋ ಇದರ ಜೊತೆಗಿದೆ. ಎದುರಿನ ಹಲ್ಲು ಬಿದ್ದಿದೆಯೆಂದು ಬಾಯಿ ತೆಗೆಯಲಿಲ್ಲ.

ಇರ್ಯಾ


ಬಟ್ಟಂಬಾಂಗ್
24 ನವೆಂಬರ್ 2014

ಪ್ರೀತಿಯ ಅಕ್ಕ,

ಫೋಟೋ ತಲುಪಿತು. ಥೇಟ್ ನಮ್ಮ ಅಮ್ಮನ ಹಣೆ.

ತೀರ್ಪಿನ ಪ್ರತಿ ಸಿಗುವುದು ಕಷ್ಟ. ನನ್ನ ಹತ್ತಿರ ಇದ್ದದ್ದು ಮಳೆಯಲ್ಲಿ ನೆನೆದು ಹೋಯಿತು. ಇನ್ನೊಂದಕ್ಕೆ ಅರ್ಜಿ ಕೊಟ್ಟರೆ ಇವರು ಒಂದು ವರ್ಷ ಮಾಡುತ್ತಾರೆ. ಅದರಲ್ಲಿ ಏನೇನು ಬರೆದಿದ್ದಾರೋ, ಅದು ನಿಮ್ಮ ವಕೀಲರಿಗೆ ತಪ್ಪು ಕಲ್ಪನೆ ಕೊಡಬಹುದು. ಅದರ ಗೋಜಿಗೆ ಹೋಗಬೇಡ. ವಿಚಾರಣೆಯೇ ನ್ಯಾಯವಾಗಿರಲಿಲ್ಲ ಎಂಬ ದಾರಿ ಹಿಡಿಯಲು ಹೇಳು. ಅನುವಾದಕನಿಗೆ ಇಂಗ್ಲಿಷೇ ಸರಿಯಾಗಿ ಬರುತ್ತಿರಲಿಲ್ಲ, ಯಾರು ಏನು ಹೇಳಿದರೆಂದು ನನಗೆ ತಿಳಿಯಲೇ ಇಲ್ಲ. ಅಷ್ಟು ಸಾಕಲ್ಲವೇ?

ವೈನೋ ಮತ್ತು ಉಳಿದ ಹಿರಿಯರು ಸಾಕು. ಮಾರ್ಲಿಸ್‌ಳನ್ನು ಕೇಳಬೇಡ. ಅವಳಿಗೆ ಅಂಚೆಯ ಕೆಲಸವೇ ಬೇಕಾದಷ್ಟಿರುತ್ತದೆ, ರಜೆ ಹಾಕಿಸಿ ಕೋರ್ಟಿಗೆ ಅಲೆಸುವುದು ಚೆನ್ನಾಗಿರುವುದಿಲ್ಲ. ಆಗ ಅವಳು ತೀರ ಚಿಕ್ಕವಳು, ಅವಳಿಗೆ ಏನೂ ನೆನಪಿರುವುದಿಲ್ಲ. ದಯವಿಟ್ಟು ಅವಳನ್ನು ಇದರಲ್ಲಿ ಎಳೆಯಬೇಡ ಅಕ್ಕ.

ಇದೊಂದು ಮಾತು ನಡೆಸಿಕೊಡು.

ಆರ್ವೋ


ಹಾಪಾ ಕ್ರೀಕ್
22 ಡಿಸೆಂಬರ್ 2014

ಆರ್ವೋ,

ನಿನ್ನ ಕಾಗದ ಬಂದ ದಿನ ಮೊಣಕಾಲುದ್ದ ಹಿಮ ಬಿದ್ದಿತ್ತು. ಪೆಟ್ಟಿಗೆ ಹಿಮದಲ್ಲಿ ಹೂತಿದ್ದರಿಂದ ಮಾರ್ಲಿಸ್ ಕಾಗದವನ್ನು ಬಾಗಿಲಿಗೇ ತಂದಳು. ನಾನು ಅಲ್ಲೇ ನಿಂತು ಓದಿ, ನೀನು ಅವಳ ಬಗ್ಗೆ ತೋರಿಸಿದ ಕಾಳಜಿ ನೋಡಿ ಇವನೆಷ್ಟು ಸಂಕೋಚದವನು ಅಂದುಕೊಂಡೆ. ನೀನು ಬೇಡವೆಂದರೂ ಅವಳನ್ನು ಒಳಗೆ ಕರೆದೆ. ಆಗ ತಾನೇ ನಮ್ಮ ಸಿಹಿ ಬ್ರೆಡ್ಡು ನಿಸು ಬೇಯಿಸಿದ್ದೆ, ಏಲಕ್ಕಿಯ ವಾಸನೆಗೆ ಅವಳು ಎಂದೂ ಇಲ್ಲವೆಂದವಳಲ್ಲ. ಈ ಸಲ ಒಳಗೆ ಬಂದಳು, ಬೂಟು ಬಿಚ್ಚಲಿಲ್ಲ. ಬಾಗಿಲ ಹತ್ತಿರದ ಚಾಪೆಯ ಮೇಲೇ ನಿಂತಳು.

"ಜಡ್ಜ್ ಮುಂದೆ ಒಂದು ಮಾತು ಹೇಳ್ಬೇಕು ಕಣೆ ಮಾರ್ಲಿಸ್. ನಮ್ಮನೆ ಸೌನಾದಲ್ಲಿ ಆರ್ವೋ ನಿಮ್ಮನ್ನೆಲ್ಲ ಎಷ್ಟು ಚೆನ್ನಾಗಿ ನೋಡ್ಕೋತಿದ್ದ ಅಂತ. ಅಷ್ಟೇ" ಎಂದೆ.

"ಇಲ್ಲ ಇರ್ಯಕ್ಕ."

"ರಜೆ ಸಿಗಲ್ವಾ?"

"ರಜೆ ಸಿಗತ್ತೆ."

"ಮತ್ತೇನೇ? ಅವನು ಪಾಪ ಅಲ್ಲಿ ಸುಮ್‌ಸುಮ್ನೆ..."

"ನಾನು ಬಂದ್ರೆ ನಿಮಗೆ ಬೇಕಾದ ಮಾತು ಹೇಳಲ್ಲ. ಅದಕ್ಕೇ ಬರಲ್ಲ ಅಂತಿದೀನಿ. ನಂಗೆ ಆಗ ಒಂಬತ್ತು ವರ್ಷ. ಉಳಿದ ಮಕ್ಕಳನ್ನೆಲ್ಲ ಹಿಮದಲ್ಲಿ ಹೊರಳಾಡಿ ಬನ್ನಿ ಅಂತ ಹೊರಗೆ ಕಳಿಸ್ತಿದ್ದ. ನನ್ನನ್ನ ಕಳಿಸ್ತಿರಲಿಲ್ಲ. ಎರಡು ಚಳಿಗಾಲ. ಇನ್ನೂ ಹೇಳ್ಲಾ?"

ಬೇಡ ಎಂದೆ. ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು. ಆಗ ನನಗೆ ನಾಚಿಕೆಯಾಗಿ, ಹೇಳು ಎಂದೆ. ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಸೌನಾದ ಹೊಗೆ ಕೊಳವೆ ಕಾಣುತ್ತದಲ್ಲ, ಅದನ್ನು ಒಮ್ಮೆಯೂ ನೋಡದೆ ಹೇಳಿ ಮುಗಿಸಿದಳು. ಆಮೇಲೆ "ಇನ್ನೂ ಹನ್ನೊಂದು ಮನೆ ಇದೆ, ಹಿಮ ಜಾಸ್ತಿ ಆಗ್ತಿದೆ" ಎಂದು ಕಾರು ಹತ್ತಿದಳು.

ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಿನಗೆ ಗೊತ್ತಿರುವ ವಿಷಯವಾದರೆ ಬರೆಯುವ ಅಗತ್ಯವಿಲ್ಲ.

ಆ ರಾತ್ರಿ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ಮತ್ತೆ ಓದಿದೆ. ಸೆಪ್ಟೆಂಬರಿನಲ್ಲಿ ಅನುವಾದಕ ಬಹಳ ಒಳ್ಳೆಯವನು, ಎರಡೆರಡು ಸಲ ಹೇಳುತ್ತಿದ್ದ. ನವೆಂಬರಿನಲ್ಲಿ ಅವನಿಗೆ ಇಂಗ್ಲಿಷೇ ಬಾರದು. ಮೊದಲನೆಯ ಕಾಗದದಲ್ಲಿ ಸೌನಾದ ಮಾತೇ ಇಲ್ಲ ಆರ್ವೋ. ಇದ್ದದ್ದು ಸೌನಾದ ಪಕ್ಕದ ಕೋಣೆ ಕೇಳಿದ್ದು ಮಾತ್ರ. ಮಕ್ಕಳ ಸ್ನಾನದ ಕಥೆ ಕಟ್ಟಿದವಳು ನಾನು. ನೀನು ಅದನ್ನು ಎತ್ತಿಕೊಂಡೆ.

ಮಾರ್ಲಿಸ್ ಹೇಳಿದ್ದು ಹೌದೋ, ಅಲ್ಲವೋ? ಒಂದು ಪದ ಬರೆ. ಮಳೆ, ಗಂಜಿ, ಪಕ್ಕದ ಮುದುಕ ಯಾವುದೂ ಬೇಡ.

ಇರ್ಯಾ


ಬಟ್ಟಂಬಾಂಗ್
25 ಜನವರಿ 2015

ಪ್ರೀತಿಯ ಅಕ್ಕ,

ಕ್ರಿಸ್‌ಮಸ್‌ಗೆ ರಾಯಭಾರ ಕಚೇರಿಯವರು ಒಂದು ಡಬ್ಬಿ ಬಿಸ್ಕತ್ತು ಕಳಿಸಿದ್ದರು. ಎಲ್ಲರಿಗೂ ಹಂಚಿದೆ. ಇಲ್ಲಿ ಈಗ ಬಿಸಿಲು ಕಡಿಮೆ, ಬೆಳಗಿನ ಹೊತ್ತು ತಂಪಾಗಿರುತ್ತದೆ. ಜೈಲಿನ ಮರಗೆಲಸದ ಕೋಣೆಯಲ್ಲಿ ನನಗೆ ಕೆಲಸ ಕೊಟ್ಟಿದ್ದಾರೆ, ಹುಡುಗರಿಗೆ ಉಳಿ ಹಿಡಿಯುವುದನ್ನು ಕಲಿಸುತ್ತೇನೆ. ಅಧಿಕಾರಿಗಳಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವಿದೆ.

ನೀನು ನನ್ನ ಮೇಲೆ ಬಹಳ ಕೋಪದಲ್ಲಿದ್ದೀಯ. ನಾನು ಬಂದು ನಿನ್ನ ಎದುರು ಕೂತು ಮಾತಾಡಿದರೆ ನಿನಗೆ ಎಲ್ಲ ಅರ್ಥವಾಗುತ್ತದೆ. ಕಾಗದದಲ್ಲಿ ಯಾವುದೂ ಸರಿಯಾಗಿ ಬರುವುದಿಲ್ಲ.

ಮಾರ್ಲಿಸ್ ವಿಷಯ ಎಷ್ಟು ವರ್ಷದ ಹಿಂದಿನ ಮಾತು ಅಕ್ಕ! ಆಗ ನಾನೂ ಹುಡುಗನೇ. ಅವಳು ಅದನ್ನೆಲ್ಲ ಮರೆತಿರುತ್ತಾಳೆಂದೇ ನಾನು ತಿಳಿದಿದ್ದೆ. ನೋಡಿದರೆ ಚೆನ್ನಾಗಿಯೇ ಇದ್ದಾಳೆ, ನೌಕರಿ ಇದೆ, ಸ್ವಂತ ಮನೆ ಇದೆ. ಇಷ್ಟು ವರ್ಷ ಸುಮ್ಮನಿದ್ದು, ನಾನು ಮನೆಗೆ ಬರುವ ಹೊತ್ತಿಗೇ ಯಾಕೆ ಹೇಳಬೇಕು?

ಏಪ್ರಿಲ್ 9ಕ್ಕೆ ಟಿಕೆಟ್ ಆಗಿದೆ. ಗ್ರೀನ್ ಬೇಗೆ ಮರುದಿನ ಸಂಜೆ ಬಂದಿಳಿಯುತ್ತೇನೆ. ತಕರಾರು ಅರ್ಜಿ ಅಷ್ಟರೊಳಗೆ ಹಾಕಿಸಿರು. ನೀನು ಕೈಬಿಟ್ಟರೆ ನನಗೆ ಯಾರೂ ಇಲ್ಲ.

ಆರ್ವೋ


ಹಾಪಾ ಕ್ರೀಕ್
1 ಮಾರ್ಚ್ 2015

ಆರ್ವೋ,

ಒಂದು ಪದ ಕೇಳಿದ್ದೆ. ನೀನು ಒಂದು ಪುಟ ಬರೆದೆ. ಉತ್ತರ ಸಿಕ್ಕಿತು. ಆಗ ನೀನು ಹುಡುಗನಲ್ಲ, ಇಪ್ಪತ್ತೆಂಟು ವರ್ಷದವನು. ನಿನ್ನ ಹುಟ್ಟುಹಬ್ಬಕ್ಕೆ ಆ ವರ್ಷ ಗರಗಸ, ಉಳಿ ಎಲ್ಲ ಇರುವ ಪೆಟ್ಟಿಗೆ ಕೊಟ್ಟವಳು ನಾನು.

ಈಗ ವಿಷಯಕ್ಕೆ ಬರುತ್ತೇನೆ.

ಡುಫೂರ್ ವಕೀಲರು ರಾಯಭಾರ ಕಚೇರಿಗೆ ತಾವೇ ಬರೆದು ತೀರ್ಪಿನ ಪ್ರತಿ ತರಿಸಿದ್ದಾರೆ. ವರ್ಷ ಹಿಡಿಯಲಿಲ್ಲ, ಐದು ವಾರದಲ್ಲಿ ಬಂತು. ಲಕೋಟೆ ಅವರ ಮೇಜಿನ ಮೇಲಿತ್ತು. "ಓದ್ತೀರಾ ಇರ್ಯಾ ಅವ್ರೇ? ಕೂತ್ಕೊಂಡು ಓದಿ, ನೀರು ತರಿಸ್ತೀನಿ" ಎಂದರು. ಬೇಡವೆಂದೆ. ನಿನ್ನ ಕಾಗದ ಓದಿ ಆಗಿತ್ತು, ಅದಕ್ಕಿಂತ ಹೆಚ್ಚು ತಿಳಿಯುವ ಅಗತ್ಯ ನನಗಿರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದೆ: "ಇದನ್ನೇ ಇಲ್ಲಿ ಮಾಡಿದ್ರೆ ಇಲ್ಲೂ ಅಪರಾಧ ಆಗ್ತಿತ್ತಾ?" "ಎಲ್ಲಿ ಮಾಡಿದ್ರೂ" ಎಂದರು.

ತಕರಾರು ಹಾಕುವುದು ನಿನ್ನ ಹಕ್ಕು. ಬೇರೆ ವಕೀಲರನ್ನು ಹಿಡಿದು ಹಾಕಿಕೋ. ನನ್ನ ಸಾಕ್ಷಿ ನಿನಗಿಲ್ಲ. ಸರ್ಕಾರದ ಕಡೆಯವರು ಕರೆದರೆ ಹೋಗುತ್ತೇನೆ, ನಿನ್ನ ಎಲ್ಲ ಕಾಗದಗಳನ್ನೂ ಒಯ್ಯುತ್ತೇನೆ. ವೈನೋನ ಮನೆಗೂ ಉಳಿದ ಮೂರು ಮನೆಗೂ ಹೋಗಿ, ನಾನು ತಿಳಿದದ್ದು ತಪ್ಪು, ಅಲ್ಲಿ ನಡೆದದ್ದು ಸ್ನಾನವಲ್ಲ ಎಂದು ಹೇಳಿ ಬಂದೆ. ಮಾರ್ಲಿಸ್ ಹೆಸರು ಎಲ್ಲೂ ಎತ್ತಲಿಲ್ಲ. ವೈನೋ ಈ ಸಲ ತಮಾಷೆ ಮಾಡಲಿಲ್ಲ. "ನಮ್ಮ ಲಿಂಡಾನೂ ಆ ಸರದೀಲಿ ಇದ್ಲು" ಎಂದ. ಸಂಜೆ ಮಿಲ್ವಾಕಿಗೆ ಮಗಳಿಗೆ ಫೋನ್ ಮಾಡುತ್ತೇನೆಂದ. ಮಾಡಿದನೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವುದಕ್ಕೆ ಭಯವಾಗುತ್ತಿದೆ.

ನಮ್ಮ ಸೌನಾಕ್ಕೆ ಬಂದವರೆಲ್ಲ ಒಂದೇ ಮನೆಯವರು ಎಂದು ಅಪ್ಪ ಹೇಳುತ್ತಿದ್ದರು, ನಾನೂ ಜಂಬದಿಂದ ಹೇಳಿಕೊಂಡು ಬಂದೆ. ಆ ಜಂಬವನ್ನೇ ನಿನಗೆ ವಕಾಲತ್ತು ಮಾಡಿ ಕೊಟ್ಟೆ. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆಯೆಂದರೆ ತೊಳೆದ ಪಾತ್ರೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿರುತ್ತೇನೆ. ದುಃಖವೂ ಇದೆ. ಎರಡೂ ಒಟ್ಟಿಗೆ ಇರುತ್ತವೆಂದು ನನಗೆ ಗೊತ್ತಿರಲಿಲ್ಲ.

ಫೆಬ್ರುವರಿಯಲ್ಲಿ ಮಾರ್ಲಿಸ್ ಮತ್ತೆ ಬಂದಳು. ನಾನು ಕರೆಯಲಿಲ್ಲ, ಅವಳೇ ಬಾಗಿಲು ತಟ್ಟಿದಳು. ಅಡುಗೆಮನೆಯಲ್ಲಿ ಕೂತಳು. ನಾನು ಕಿಟಕಿಯ ಪರದೆ ಎಳೆದೆ.

"ಅವನ ಹೆಸರು ಆ ಪಟ್ಟೀಲಿ ಬರತ್ತಾ ಇರ್ಯಕ್ಕ?" ಎಂದು ಕೇಳಿದಳು.

"ಬರತ್ತೆ. ಅಲ್ಲಿಯ ತೀರ್ಪು ಇಲ್ಲೂ ನಡೆಯತ್ತಂತೆ. ಆದ್ರೆ ಅದು ನಿನ್ನ ವಿಷಯಕ್ಕಲ್ಲ ಕಣೆ. ಅಲ್ಲಿಯ ಅನಾಥ ಹಾಸ್ಟೆಲಿನ ಇಬ್ರು ಹುಡುಗಿಯರು ಪೊಲೀಸರಿಗೆ ಹೇಳಿದ ವಿಷಯಕ್ಕೆ. ನಿಂದೂ ಹೇಳೋದಾದ್ರೆ ವಕೀಲರ ಹತ್ರ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ."

"ಗೊತ್ತಿಲ್ಲ. ಹೇಳಬಹುದು, ಹೇಳ್ದೇ ಇರಬಹುದು. ಅದು ನಂಗೆ ಬಿಡಿ." ನಾನು ಕೊಟ್ಟ ಕಾಫಿಯ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಹೇಳಿದಳು: "ನಾನು ನಮ್ಮೂರಲ್ಲೇ, ನಮ್ಮ ಭಾಷೇಲೇ, ನಮ್ಮಮ್ಮಂಗೆ ಹೇಳೋಕಾಗ್ಲಿಲ್ಲ. ಆ ಇಬ್ರು ಪರದೇಶಿ ಮಕ್ಕಳು, ತಂದೆತಾಯಿ ಇಲ್ದೋರು, ಪೊಲೀಸರ ಮುಂದೆ ನಿಂತು ಹೇಳಿದ್ರು. ಅದು ಅಲ್ಲಿಯ ಕೋರ್ಟು, ಇಲ್ಲಿಗೆ ಲೆಕ್ಕಕ್ಕಿಲ್ಲ ಅಂತ ಹೊಡೆದುಹಾಕಿದ್ರೆ ನಂಗೆ ತಡೆಯೋಕಾಗ್ತಿರಲಿಲ್ಲ ಇರ್ಯಕ್ಕ."

ಅವಳ ಕಾಫಿ ಆರಿಹೋಗಿತ್ತು. ಬಿಸಿ ಮಾಡಿಕೊಟ್ಟೆ.

ಏಪ್ರಿಲ್ 10ರಂದು ಗ್ರೀನ್ ಬೇ ವಿಮಾನ ನಿಲ್ದಾಣಕ್ಕೆ ನಾನೇ ಕಾರು ತರುತ್ತೇನೆ. ನಾನು ನಿನ್ನ ಅಕ್ಕ, ಅದು ಯಾವ ಕೋರ್ಟಿನಿಂದಲೂ ರದ್ದಾಗುವುದಿಲ್ಲ. ನೀನು ಹಾಪಾ ಕ್ರೀಕಿಗೆ ಬರುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ, ಬಟ್ಟೆ ಒಗೆಯುವ ಅಂಗಡಿಯ ಮೇಲೆ ಒಂದು ಕೋಣೆ ನೋಡಿದ್ದೇನೆ. ಮಾಲೀಕನಿಗೆ ಎಲ್ಲವನ್ನೂ ಹೇಳಿದೆ, ಒಂದು ದಿನ ಯೋಚಿಸಿ ಒಪ್ಪಿದ. ಕೆಳಗೆ ಯಂತ್ರಗಳ ಸದ್ದು ಇರುತ್ತದೆ, ಸಹಿಸಿಕೋ. ಬಂದು ಮೂರು ದಿನದೊಳಗೆ ಹೆಸರು ಬರೆಸಬೇಕೆಂದು ಕಾನೂನು. ನಾವು ಮೂರು ದಿನ ಕಾಯುವುದಿಲ್ಲ. ಮಾರನೆಯ ಬೆಳಿಗ್ಗೆ ಷೆರಿಫ್ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೇವೆ. ಶನಿವಾರ ತೆಗೆದಿರುತ್ತದೆಯೇ ಎಂದು ಫೋನ್ ಮಾಡಿ ಕೇಳಿಕೊಂಡಿದ್ದೇನೆ.

ಬ್ರಿಟಾ ನಿನ್ನನ್ನು ನೋಡುವುದಿಲ್ಲ. ಅವಳ ಫೋಟೋ ನಿನ್ನ ಹತ್ತಿರ ಇರಕೂಡದು. ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನನ್ನ ಕೈಗೆ ಕೊಡಬೇಕು, ಅದಾದ ಮೇಲೆ ಮಿಕ್ಕ ಮಾತು.

ನಾನು ಮಾರ್ಲಿಸ್‌ಳನ್ನು ಆವತ್ತೇ ಇನ್ನೊಂದು ಮಾತು ಕೇಳಿದೆ. ಆಗಸ್ಟಿನಿಂದ ನಿನ್ನ ಒಂದೊಂದು ಕಾಗದವನ್ನೂ ಅವಳೇ ತಂದಳು, ನಾನು ನಿನ್ನನ್ನು ಹೊಗಳಿ ಬರೆದ ಒಂದೊಂದು ಕಾಗದವನ್ನೂ ಅವಳೇ ಪೆಟ್ಟಿಗೆಯಿಂದ ಎತ್ತಿಕೊಂಡು ಹೋದಳು. ಹೊರಗೆ ನಿನ್ನ ಹೆಸರು ದಪ್ಪಕ್ಷರದಲ್ಲಿರುತ್ತಿತ್ತು. "ಯಾವತ್ತೂ ಹರಿದು ಬಿಸಾಕೋಣ ಅನ್ನಿಸ್ಲಿಲ್ವೇನೇ?" ಎಂದೆ. "ಅಂಚೆ ಕೆಲಸ ಇರ್ಯಕ್ಕ. ಯಾರ ಕಾಗದ ಆದ್ರೂ ತಲುಪಿಸ್ಲೇಬೇಕು" ಎಂದಳು.

ಈ ಕಾಗದವನ್ನು ನಮ್ಮ ಪೆಟ್ಟಿಗೆಗೆ ಹಾಕುತ್ತಿಲ್ಲ. ನಾಳೆ ಜಿಲ್ಲಾ ಕೇಂದ್ರಕ್ಕೆ ಕಾರು ಓಡಿಸಿಕೊಂಡು ಹೋಗಿ ಅಲ್ಲಿಯ ಅಂಚೆ ಕಚೇರಿಯಲ್ಲಿ ಹಾಕುತ್ತೇನೆ. ಇದಕ್ಕೆ ಉತ್ತರ ಬರೆಯಬೇಡ. ನೀನು ಬರೆದರೆ ಅದನ್ನು ಹೊತ್ತು ತರಬೇಕಾದವಳು ಮಾರ್ಲಿಸ್.

ಇರ್ಯಾ